ಸುಳ್ಳು ಶಾಪದ ಭಾಷ್ಯಕಾರರು

‘ದಿ ವ್ಯಾಂಪೈರ್ ಡೈರೀಸ್’ ಎಂಬ ಅಮೆರಿಕದ ಧಾರಾವಾಹಿ 2009ರಲ್ಲಿ ಆರಂಭವಾಗಿ, 171 ಕಂತುಗಳ ಬಳಿಕ 2017ರಲ್ಲಿ ಮುಗಿಯಿತು. ಅದರ ಕುಡಿಯಾದ ‘ದಿ ಒರಿಜಿನಲ್ಸ್’ 2018ರಲ್ಲಿ ಮುಗಿಯಿತು. ಮುಗಿಯದೆ ಉಳಿದಿರುವುದು ಅಭಿಮಾನಿಗಳ ಭಾಷ್ಯ. ತೋಳಮಾನವನ ಕಡಿತ ವ್ಯಾಂಪೈರನ್ನು ಏಕೆ ಕೊಲ್ಲುತ್ತದೆ, ಯಾವ ವ್ಯಾಂಪೈರ್ ಯಾವ ಮೂಲಪುರುಷನ ರಕ್ತಶಾಖೆಗೆ ಸೇರಿದವನು, ಶಾಪಕ್ಕೂ ವಂಶವಾಹಿಗೂ ಸಂಬಂಧವೇನು ಎಂದು ಇಂದಿಗೂ ಸಿದ್ಧಾಂತಗಳು ಹುಟ್ಟುತ್ತಲೇ ಇವೆ.

ಇಂಥ ಸರಕಿಗಾಗಿ ಇಲ್ಲಿ ಮಸಿ ಖರ್ಚು ಮಾಡಬೇಕೆ ಎಂದು ನಮ್ಮ ಹಿರಿಯರು ಕೇಳಬಹುದು. ಕೇಳಲಿ. ಮುಂಬಯಿ, ಪುಣೆ, ದೆಹಲಿಗಳಲ್ಲಿ ಬೆಳೆಯುತ್ತಿರುವ ನಮ್ಮ ಮನೆಯ ಹುಡುಗ ಹುಡುಗಿಯರು ಪುರಾಣವನ್ನು ಓದುವ ಬಗೆಯನ್ನು ಕಲಿಯುತ್ತಿರುವುದು ಗಮಕ ವಾಚನದಿಂದಲ್ಲ, ಇಂಥ ಧಾರಾವಾಹಿಗಳಿಂದ. ಆದ್ದರಿಂದ ಆ ಕಲಿಕೆ ಎಂಥದ್ದೆಂದು ನೋಡುವುದು ನಮ್ಮ ಕೆಲಸವೇ. ನಮ್ಮ ತಕರಾರು ಧಾರಾವಾಹಿಯ ಮೇಲಲ್ಲ, ಅದು ಹೇಳಿದ್ದನ್ನು ಕೇಳಿಸಿಕೊಳ್ಳದ ಭಾಷ್ಯಕಾರರ ಮೇಲೆ.

ಎರಡನೆಯ ಸರಣಿಯನ್ನೇ ನೋಡಿ. ಅಲ್ಲಿ ‘ಸೂರ್ಯಚಂದ್ರರ ಶಾಪ’ ಎಂಬುದೊಂದು ಬರುತ್ತದೆ. ಆಜ್ಟೆಕ್ ಮಂತ್ರವಾದಿಯೊಬ್ಬ ವ್ಯಾಂಪೈರುಗಳನ್ನು ಸೂರ್ಯನಿಗೂ ತೋಳಮಾನವರನ್ನು ಹುಣ್ಣಿಮೆಗೂ ಕಟ್ಟಿಹಾಕಿದನಂತೆ. ಒಂದು ಚಂದ್ರಶಿಲೆ, ಒಬ್ಬ ಪ್ರತಿರೂಪಿ ಹೆಣ್ಣು ಸಿಕ್ಕರೆ ಶಾಪ ಕಳೆಯುವುದಂತೆ. ಎರಡೂ ಕುಲದವರು ಶತಮಾನಗಳ ಕಾಲ ಅದಕ್ಕಾಗಿ ಹುಡುಕಾಡುತ್ತಾರೆ, ಹೊಡೆದಾಡುತ್ತಾರೆ. ಕೊನೆಗೆ ತಿಳಿಯುವುದೇನು? ಅಂಥ ಶಾಪವೇ ಇಲ್ಲ. ಕ್ಲಾಸ್ ಮತ್ತು ಎಲೈಜಾ ಎಂಬ ಅಣ್ಣತಮ್ಮಂದಿರು ಚಿತ್ರ ಬರೆದು, ಹಳೆಯ ಹಾಳೆ ಸೃಷ್ಟಿಸಿ, ನಾಡುನಾಡುಗಳಲ್ಲಿ ಹಂಚಿಟ್ಟ ಸುಳ್ಳು ಅದು. ತಮಗೆ ಬೇಕಾದ ವಸ್ತುಗಳನ್ನು ಲೋಕವೆಲ್ಲ ಸೇರಿ ಹುಡುಕಿಕೊಡಲಿ ಎಂಬ ಉಪಾಯ. ಒಂದೇ ಮೂಲದಿಂದ ಎಲ್ಲವನ್ನೂ ವಿವರಿಸುವ ಸೊಗಸಾದ ಕಥೆಯನ್ನು ಜನ ಪರೀಕ್ಷಿಸದೆ ನಂಬುತ್ತಾರೆ ಎಂಬುದನ್ನು ಧಾರಾವಾಹಿಯೇ ಇಷ್ಟು ಸ್ಪಷ್ಟವಾಗಿ ತೋರಿಸಿತು. ಮೋಸಹೋದ ಆ ತೋಳಮಾನವರನ್ನು ಕಂಡು ನಕ್ಕ ಅಭಿಮಾನಿಗಳು ಮರುದಿನವೇ ಇನ್ನೊಂದು ಏಕಮೂಲ ಸಿದ್ಧಾಂತ ಕಟ್ಟಲು ಕುಳಿತರು.

ಅವರ ಕಸುಬು ಹೀಗಿದೆ. ಮೊದಲು ಎಲೈಜಾ ತನ್ನ ತಂದೆ ಪೂರ್ವ ಯುರೋಪಿನ ಭೂಮಾಲಿಕನೆಂದು ಹೇಳುತ್ತಾನೆ. ಮುಂದೆ ಅದೇ ಕುಟುಂಬ ವೈಕಿಂಗರ ಕುಟುಂಬವಾಗುತ್ತದೆ. ಬರೆಯುವವರು ಮನಸ್ಸು ಬದಲಿಸಿದರು, ಅಷ್ಟೆ. ಭಾಷ್ಯಕಾರರಿಗೆ ಅಷ್ಟು ಸಾಲದು. ವಲಸೆಯ ನಕ್ಷೆ ಬೇಕು, ಎರಡನ್ನೂ ಹೊಲಿಯುವ ತೇಪೆ ಬೇಕು. ಕರೆಯದೆ ವ್ಯಾಂಪೈರ್ ಹೊಸ್ತಿಲು ದಾಟಲಾರ ಎಂಬ ನಿಯಮಕ್ಕೆ ಬಾಡಿಗೆದಾರನ ಹಕ್ಕೇನು, ಮನೆಯ ಒಡೆಯ ಸತ್ತರೆ ಗತಿಯೇನು ಎಂದು ಉಪನಿಯಮಗಳನ್ನು ಬರೆಯುತ್ತಾರೆ. ಕಚೇರಿಯಲ್ಲಿ ನಿಯಮಾವಳಿಯ ನಡುವೆಯೇ ದಿನ ಕಳೆಯುವ ನಮ್ಮಂಥವರಿಗೆ ಸಂಜೆಯೂ ಅದೇ ಗ್ರಹಚಾರ. ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದ ಕಾಲದಲ್ಲಿ ಆ ದೆವ್ವಕ್ಕೆ ಕನ್ನಡ ಓದಲು ಕಲಿಸಿದವರಾರು ಎಂದು ಯಾರೂ ಕೇಳಲಿಲ್ಲ. ಹೊಸ್ತಿಲ ಭಯ ಎಂದರೇನೆಂದು ಎಲ್ಲರಿಗೂ ಗೊತ್ತಿತ್ತು. ಪರಿಚಿತ ದನಿಯಲ್ಲಿ ಕರೆದು ಒಳಗೆ ಬರುವವರನ್ನು ಕುರಿತ ಭಯ ಅದು.

ಇನ್ನು ‘ಮೂಲ’ದ ಮಾತು. ವ್ಯಾಂಪೈರ್ ಮತ್ತು ತೋಳಮಾನವ ಹುಟ್ಟಾ ವೈರಿಗಳು ಎಂಬುದು ಈ ಎಲ್ಲ ಸಿದ್ಧಾಂತಗಳ ಅಡಿಗಲ್ಲು. ಬಾಲ್ಕನ್ ನಾಡುಗಳ ಜಾನಪದದಲ್ಲಿ ಆ ವೈರ ಕಾಣದು. ಸರ್ಬಿಯನ್ ಭಾಷೆಯ ‘ವುಕೊದ್ಲಾಕ್’ ಎಂಬ ಪದದಲ್ಲಿ ಇರುವುದು ತೋಳ. ಅದೇ ಪದ ಗೋರಿಯಿಂದೇಳುವ ರಕ್ತಪಿಶಾಚಿಗೂ ಸಲ್ಲುತ್ತದೆ. ಗ್ರೀಕರ ‘ವ್ರಿಕೊಲಾಕಾಸ್’ ಬಂದದ್ದೂ ಆ ಸ್ಲಾವಿಕ್ ಮೂಲದಿಂದಲೇ. ಸ್ಟೋಕರನ 1897ರ ಡ್ರಾಕುಲಾ ತಾನೇ ತೋಳವಾಗಬಲ್ಲ. ಶಕ್ತಿ ಕುಂದಿದರೂ ಹಗಲಿನಲ್ಲಿ ಲಂಡನ್ನಿನ ಬೀದಿಯಲ್ಲಿ ನಡೆಯಬಲ್ಲ. ಬಿಸಿಲಿಗೆ ಪಿಶಾಚಿ ನಾಶವಾಗುವುದನ್ನು ನಮಗೆ ಕೊಟ್ಟದ್ದು 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’. ತೋಳಮಾನವನ ಬಗ್ಗೆ ನಾವು ಪ್ರಾಚೀನವೆಂದು ತಿಳಿದಿರುವ ಹಲವು ಸಂಗತಿಗಳನ್ನು ಜನಪ್ರಿಯಗೊಳಿಸಿದ್ದು 1941ರ ‘ದಿ ವುಲ್ಫ್ ಮ್ಯಾನ್’ ಚಿತ್ರ. ಅದಕ್ಕಾಗಿ ಕರ್ಟ್ ಸಿಯೋಡ್ಮಾಕ್ ಬರೆದ ಪುಟ್ಟ ಪದ್ಯವನ್ನೇ ಜನ ಹಳೆಯ ಜನಪದ ಪದ್ಯವೆಂದು ನಂಬಿದರು. ಹೀಗೆ ಸಿನಿಮಾ ಮಂದಿ ಕಟ್ಟಿದ್ದಕ್ಕೆ ಸಹಸ್ರಮಾನದ ತರ್ಕ ಹುಡುಕುವುದು ಕ್ಲಾಸ್ ಹಂಚಿಟ್ಟ ಹಾಳೆಗಳನ್ನು ನಂಬಿದಂತೆಯೇ.

ಅಷ್ಟಾದರೂ ಇದು ನಿರಪಾಯದ ಆಟ ತಾನೇ ಎನ್ನುವವರು ವ್ಯಾಂಪೈರ್ ಯುರೋಪಿನ ಓದುಬರಹದ ಲೋಕಕ್ಕೆ ಬಂದ ದಾರಿಯನ್ನು ನೆನೆಯಬೇಕು. ಅದು ಬಂದದ್ದು ಸರ್ಕಾರಿ ಕಡತದ ಮೂಲಕ. 1725ರಲ್ಲಿ ಆಸ್ಟ್ರಿಯನ್ನರ ವಶದಲ್ಲಿದ್ದ ಸರ್ಬಿಯದ ಕಿಸಿಲ್ಯೆವೊ ಗ್ರಾಮದಲ್ಲಿ ಜನ ಸಾಲಾಗಿ ಸತ್ತಾಗ, ಪೀಟರ್ ಎಂಬವನ ಹೆಣವನ್ನು ಅಗೆದು ತೆಗೆಯಲಾಯಿತು. ಎದೆಗೆ ಗೂಟ ಹೊಡೆದು ಸುಡಲಾಯಿತು. ಸ್ಥಳದಲ್ಲಿದ್ದ ಅಧಿಕಾರಿ ಮೇಲಿನವರಿಗೆ ವರದಿ ಬರೆದು, ಇದರಲ್ಲಿ ತಪ್ಪಾಗಿದ್ದರೆ ಹೊಣೆ ಭಯಗೊಂಡ ಜನರದೇ ಹೊರತು ತನ್ನದಲ್ಲ ಎಂಬ ಅರ್ಥದ ಮಾತು ಸೇರಿಸಿದ. (ಟಿಪ್ಪಣಿ ಬರೆದು ಅಭ್ಯಾಸವಿರುವವರಿಗೆ ಆ ಧಾಟಿ ಪರಿಚಿತವೇ.) 1732ರಲ್ಲಿ ಮೆದ್ವೆಜ ಗ್ರಾಮದಲ್ಲಿ ಸೇನಾ ಶಸ್ತ್ರವೈದ್ಯರೇ ಗೋರಿಗಳನ್ನು ತೆಗೆಸಿ ಪರೀಕ್ಷಿಸಿದರು; ಪಿಶಾಚಿಗಳೆಂದು ನಿರ್ಧರಿಸಿದ ಹೆಣಗಳ ತಲೆ ಕಡಿದು, ಸುಟ್ಟು, ಬೂದಿಯನ್ನು ಹೊಳೆಗೆ ಎಸೆಯಲಾಯಿತು. ಇವರು ಸತ್ತವರು. 1589ರಲ್ಲಿ ಜರ್ಮನಿಯ ಬೆಡ್‌ಬುರ್ಗ್‌ನಲ್ಲಿ ಪೀಟರ್ ಸ್ಟುಂಪ್ ಎಂಬವನನ್ನು ತೋಳಮಾನವನೆಂದು ಚಿತ್ರಹಿಂಸೆ ಕೊಟ್ಟು ಕೊಂದಾಗ ಅವನ ಮಗಳನ್ನೂ ಒಬ್ಬ ಸಂಗಾತಿಯನ್ನೂ ಕೊಂದರು. ಊರಿನ ಎಲ್ಲ ಸಾವಿಗೂ ಒಂದೇ ಕಾರಣ ಬೇಕೆನ್ನುವ ಹಸಿವಿಗೆ ಇಂಥ ಚರಿತ್ರೆಯಿದೆ. ಧಾರಾವಾಹಿ ನೋಡುವವರು ಯಾರನ್ನೂ ಕೊಲ್ಲಹೊರಟಿಲ್ಲ, ನಿಜ. ಆದರೆ ಕಥೆ ಎದುರಿಗೆ ಬಂದಾಗಲೆಲ್ಲ ಅದೇ ಹಸಿವನ್ನು ಸಾಕುವ ಅಭ್ಯಾಸವನ್ನು ರಸಿಕತೆ ಎಂದು ನಾವು ಕರೆಯಲಾರೆವು.

ಸುಸಂಗತಿ ಇಲ್ಲದಿದ್ದರೆ ಕಥೆಗೆ ಬೆಲೆಯೇನು ಎಂಬ ಪ್ರಶ್ನೆ ಬರುತ್ತದೆ. ನಮ್ಮವರು ಇದನ್ನು ಕೇಳಬಾರದು. ಪಂಪನ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಕುಮಾರವ್ಯಾಸನ ದ್ರೌಪದಿಗೆ ಐವರು ಗಂಡಂದಿರು. ಕನ್ನಡದ ಓದುಗ ಶತಮಾನಗಳಿಂದ ಇಬ್ಬರನ್ನೂ ಮನೆಯಲ್ಲಿಟ್ಟುಕೊಂಡಿದ್ದಾನೆ; ಇಬ್ಬರನ್ನೂ ಹೊಲಿಯಲು ಸಿದ್ಧಾಂತ ಕಟ್ಟಲಿಲ್ಲ. ಪಂಪನಿಗೆ ಆ ಬದಲಾವಣೆ ಏಕೆ ಬೇಕಾಯಿತು, ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸುವ ಹಟಕ್ಕೂ ಇದಕ್ಕೂ ಏನು ನಂಟು ಎಂದು ಕೇಳಿದ. ಪಾಠಾಂತರ ಇರುವಲ್ಲಿ ಕೇಳಬೇಕಾದ್ದು ಇಂಥ ಪ್ರಶ್ನೆ.

ಅದನ್ನೇ ಆ ಧಾರಾವಾಹಿಗೂ ಕೇಳೋಣ. ಸುಳ್ಳು ಶಾಪಕ್ಕೆ ಆಜ್ಟೆಕರ ಹೆಸರೇ ಏಕೆ ಬೇಕಾಯಿತು? ದೂರದವರ, ಸೋತವರ ಹೆಸರಾದರೆ ನೋಡುಗರು ಬೇಗ ನಂಬುತ್ತಾರೆಂದೇ? ನಿಜವಾದ ಮೂಲಕಥೆ ಇನ್ನೂ ವಿಚಿತ್ರ. ಸಾವಿರ ವರ್ಷಗಳ ಹಿಂದೆ ಯುರೋಪಿನಿಂದ ಬಂದ ಕುಟುಂಬವೊಂದು ಇಂದಿನ ವರ್ಜೀನಿಯದಲ್ಲಿ ನೆಲೆಸುತ್ತದೆ. ನೆರೆಯವರು ಹುಣ್ಣಿಮೆಗೆ ತೋಳಗಳಾಗುತ್ತಾರೆ. ಮಗನೊಬ್ಬ ಅವರ ಬಾಯಿಗೆ ಬಿದ್ದು ಸಾಯುತ್ತಾನೆ. ಉಳಿದ ಮಕ್ಕಳನ್ನು ಉಳಿಸಲು ತಾಯಿ ಎಸ್ತರ್ ಮಂತ್ರ ಹಾಕುತ್ತಾಳೆ. ಅಂದು ವರ್ಜೀನಿಯದಲ್ಲಿ ಯುರೋಪಿನವರಿರಲಿಲ್ಲ. ಅಮೆರಿಕ ಖಂಡದಲ್ಲಿ ವೈಕಿಂಗರ ಖಚಿತ ನೆಲೆ ಸಿಕ್ಕಿರುವುದು ದೂರದ ನ್ಯೂಫೌಂಡ್‌ಲೆಂಡ್‌ನಲ್ಲಿ. ವರ್ಜೀನಿಯದಲ್ಲಿ ಇದ್ದವರು ಅಲ್ಲಿಯ ಮೂಲನಿವಾಸಿಗಳು. ಕಥೆಯಲ್ಲಿ ಅವರ ಜಾಗದಲ್ಲಿ ತೋಳಗಳಿವೆ. ವಲಸೆ ಬಂದವರೇ ‘ಒರಿಜಿನಲ್ಸ್’ ಎನಿಸಿಕೊಂಡಿದ್ದಾರೆ. ಕ್ಲಾಸನ ರಕ್ತ ತೋಳದ ಕಡಿತಕ್ಕೆ ಮದ್ದಾಗುವ ಬಗೆಯನ್ನು ಕುರಿತು ನಾವು ಎಷ್ಟೋ ಸಿದ್ಧಾಂತಗಳನ್ನು ಓದಿದ್ದೇವೆ. ಆ ಕಾಡಿನಲ್ಲಿ ಮೊದಲು ಯಾರಿದ್ದರು, ಅವರು ಎಲ್ಲಿ ಹೋದರು ಎಂದು ಕೇಳಿದ ಒಂದನ್ನೂ ಇನ್ನೂ ಓದಿಲ್ಲ.