ಕಂದಕದಲ್ಲಿ ವಂಡರ್ ವುಮನ್‌ಗೆ ಏನು ಕೆಲಸ?

"ಅಷ್ಟೊಂದು ಶಕ್ತಿ ಇರೋಳು ಆ ಕಾಲದಲ್ಲಿ ಇದ್ದಿದ್ರೆ ಯುದ್ಧ ನಾಲ್ಕು ವರ್ಷ ಯಾಕೆ ನಡೀತಿತ್ತು?" 2017ರ 'ವಂಡರ್ ವುಮನ್' ಸಿನಿಮಾದ ಮಾತು ಬಂದಾಗಲೆಲ್ಲ ನಮ್ಮ ಹಾಸ್ಟೆಲ್‌ನಲ್ಲಿ ಯಾರಾದರೊಬ್ಬರು ಈ ಪ್ರಶ್ನೆ ಎತ್ತೇ ಎತ್ತುತ್ತಾರೆ. ಕೇಳೋಕೆ ತಮಾಷೆ ಅನಿಸಿದರೂ ಒಳ್ಳೆಯ ಪ್ರಶ್ನೆ. ಅದರ ಬೆನ್ನಿಗೇ ಇನ್ನೊಂದು, ಸ್ವಲ್ಪ ಗಂಭೀರವಾದ ಆಕ್ಷೇಪ ಬರುತ್ತದೆ. ಲಕ್ಷಾಂತರ ಜನ ನಿಜವಾಗಿ ಸತ್ತ ಯುದ್ಧದೊಳಗೆ ಕಾಮಿಕ್ಸ್ ಪಾತ್ರವನ್ನು ಇಳಿಸಿ, ಗುಂಡುಗಳನ್ನು ಕೈಕಡಗದಲ್ಲಿ ತಡೆಯುವ ಹಾಗೆ ತೋರಿಸೋದು ಸತ್ತವರಿಗೆ ಮಾಡುವ ಅವಮಾನ ಅಲ್ವಾ?

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಯುದ್ಧಕಾಲದ ಕಥೆಯಲ್ಲಿ ಅವಳು ಇರಬೇಕು. ಆದರೆ ಒಂದು ಷರತ್ತು. ಅವಳು ಒಂದು ಹಳ್ಳಿಯನ್ನು ಉಳಿಸಲಿ, ಹತ್ತು ಜನರನ್ನು ಉಳಿಸಲಿ. ಯುದ್ಧ ಯಾಕೆ ಆಯ್ತು, ಹೇಗೆ ನಿಲ್ಲುತ್ತೆ ಅನ್ನೋದಕ್ಕೆ ಉತ್ತರ ಕೊಡುವ ಕೆಲಸವನ್ನು ಮಾತ್ರ ಕಥೆಗಾರರು ಅವಳ ಕತ್ತಿಗೆ ವಹಿಸಬಾರದು.

ಯಾಕೆ ಇರಬೇಕು ಅಂದ್ರೆ, ಯುದ್ಧಕಾಲ ಅವಳ ತವರುಮನೆ. ಮನಶ್ಶಾಸ್ತ್ರಜ್ಞ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಬರೆದು, ಎಚ್.ಜಿ. ಪೀಟರ್ ಚಿತ್ರ ಬಿಡಿಸಿದ ಅವಳ ಮೊದಲ ಕಥೆ 'ಆಲ್ ಸ್ಟಾರ್ ಕಾಮಿಕ್ಸ್'ನ 8ನೇ ಸಂಚಿಕೆಯಲ್ಲಿ ಬಂತು. ಅದು ಅಂಗಡಿಗೆ ಬಂದದ್ದು 1941ರ ಅಕ್ಟೋಬರ್‌ನಲ್ಲಿ, ಅಂದರೆ ಪರ್ಲ್ ಹಾರ್ಬರ್ ದಾಳಿಗೂ ಮುಂಚೆ. ಅಮೆರಿಕದ ಬೇಹುಗಾರಿಕೆ ಅಧಿಕಾರಿಯೊಬ್ಬನ ವಿಮಾನ ಹೆಂಗಸರೇ ಇರುವ ದ್ವೀಪಕ್ಕೆ ಬಂದು ಬೀಳುತ್ತೆ, ಅವನನ್ನು ವಾಪಸ್ ಕರೆದುಕೊಂಡು ಹೋಗೋಕೆ ರಾಜಕುಮಾರಿ ಡಯಾನ ಹೊರಡ್ತಾಳೆ. ಯುದ್ಧವನ್ನು ಕಿತ್ತುಹಾಕಿದರೆ ಅವಳು ಆ ದ್ವೀಪ ಬಿಟ್ಟು ಹೊರಡೋಕೆ ಕಾರಣವೇ ಇಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಟಾರ್ಪೆ ಮಿಲ್ಸ್ ಎಂಬ ಕಲಾವಿದೆಯ 'ಮಿಸ್ ಫ್ಯೂರಿ' ಕೂಡ ಪತ್ರಿಕೆಗಳಲ್ಲಿ ಶುರುವಾಗಿತ್ತು. ಹಾಗಾಗಿ ಈ ನಾಯಕಿಯರಿಗೆ ಯಾರೋ ಈಗ ಹಳೇ ಕಾಲದ ವೇಷ ಹಾಕಿಸಿದ್ದಾರೆ ಅನ್ನೋ ದೂರು ನಿಲ್ಲಲ್ಲ.

ತವರುಮನೆಯಲ್ಲಿ ಮರ್ಯಾದೆ ಸಿಕ್ಕಿತೇ ಅಂದ್ರೆ ಅದು ಬೇರೆ ಕಥೆ. 1942ರಲ್ಲಿ ಅದೇ 'ಆಲ್ ಸ್ಟಾರ್ ಕಾಮಿಕ್ಸ್'ನ ಜಸ್ಟಿಸ್ ಸೊಸೈಟಿಗೆ ಅವಳನ್ನು ಸೇರಿಸಿಕೊಂಡರು. ಯಾವ ಹುದ್ದೆಗೆ? ಸೆಕ್ರೆಟರಿ. ಗಂಡಸರು ಯುದ್ಧಕ್ಕೆ ಹೋಗ್ತಾರೆ, ಎಲ್ಲರಿಗಿಂತ ಬಲಶಾಲಿಗಳಲ್ಲಿ ಒಬ್ಬಳಾದವಳು ಕೂತು ಕಡತ ನೋಡಿಕೊಳ್ತಾಳೆ. (ಆ ಕಥೆಗಳು ಗಾರ್ಡ್ನರ್ ಫಾಕ್ಸ್ ಬರೆದವು, ಮಾರ್ಸ್ಟನ್ ಅಲ್ಲ. ಕಾಲೇಜು ಕ್ಲಬ್‌ಗಳಲ್ಲಿ ಮೀಟಿಂಗ್ ಮಿನಿಟ್ಸ್ ಬರೆಯೋ ಕೆಲಸ ಇವತ್ತಿಗೂ ಯಾರ ಪಾಲಿಗೆ ಬೀಳುತ್ತೆ ಅಂತ ನಮ್ಮ ಓದುಗರಿಗೆ ಗೊತ್ತು.)

ಇನ್ನು ಹಾಸ್ಟೆಲ್ ಪ್ರಶ್ನೆ. ಅದು ಆಗಿನ ಕಥೆಗಾರರನ್ನೂ ಕಾಡಿತ್ತು. ಸೂಪರ್‌ಮ್ಯಾನ್‌ನ ಸೈನ್ಯಕ್ಕೆ ಕಳಿಸಿದ್ರೆ ಮಧ್ಯಾಹ್ನದೊಳಗೆ ಯುದ್ಧ ಮುಗೀಬೇಕು, ಆದರೆ ದಿನಪತ್ರಿಕೆಯ ಮುಖಪುಟದಲ್ಲಿ ಅದು ಮುಗಿದಿರಲ್ಲ. 1942ರ ಪತ್ರಿಕಾ ಸ್ಟ್ರಿಪ್‌ನಲ್ಲಿ ಅದಕ್ಕೊಂದು ಚಂದದ ಉಪಾಯ ಮಾಡಿದರು. ಕ್ಲಾರ್ಕ್ ಕೆಂಟ್ ಸೈನ್ಯಕ್ಕೆ ಸೇರೋಕೆ ಹೋಗ್ತಾನೆ, ಕಣ್ಣಿನ ಪರೀಕ್ಷೆಯಲ್ಲಿ ಎಕ್ಸ್‌ರೇ ದೃಷ್ಟಿಯಿಂದ ಗೋಡೆಯಾಚೆ ಪಕ್ಕದ ಕೋಣೆಯ ಚಾರ್ಟ್ ಓದಿಬಿಡ್ತಾನೆ, ಫೇಲ್! ಮುಂದೆ 1980ರ ದಶಕದಲ್ಲಿ ರಾಯ್ ಥಾಮಸ್ ತಮ್ಮ 'ಆಲ್-ಸ್ಟಾರ್ ಸ್ಕ್ವಾಡ್ರನ್'ನಲ್ಲಿ ಹಿಟ್ಲರ್ ಕೈಗೆ ಒಂದು ಮಾಯದ ಈಟಿ ಕೊಟ್ಟರು. ಅದರ ಪ್ರಭಾವದಿಂದ ಅತಿಮಾನುಷ ಶಕ್ತಿ ಇರೋರು ಅವನ ಪ್ರದೇಶಕ್ಕೆ ಕಾಲಿಡೋ ಹಾಗಿಲ್ಲ ಅನ್ನೋ ಸಬೂಬು. ನಗು ಬರುತ್ತೆ, ಆದರೂ ಇವರು ಒಂದು ನಿಯಮ ಪಾಲಿಸಿದ್ದಾರೆ. ನಿಜವಾದ ಯುದ್ಧದ ಫಲಿತಾಂಶವನ್ನು ಕಲ್ಪನೆಯ ಪಾತ್ರ ಕದಿಯಬಾರದು. ನಮಗೆ ಆ ನಿಯಮ ಇಷ್ಟ.

ಟಿವಿಯವರಿಗೆ ಯುದ್ಧಕಾಲದ ಸಹವಾಸ ಬೇಗ ಸಾಕಾಯ್ತು. ಲಿಂಡಾ ಕಾರ್ಟರ್ ನಟಿಸಿದ ಸರಣಿಯ ಮೊದಲ ಸೀಸನ್ 1940ರ ದಶಕದ್ದು. 1977ರಲ್ಲಿ ಚಾನೆಲ್ ಬದಲಾದಾಗ ಕಥೆಯೂ ನೇರ 1977ಕ್ಕೆ ಹಾರಿತು. ಡಯಾನಗೆ ಒಂದು ಕೂದಲೂ ನೆರೆತಿಲ್ಲ, ಹಳೆಯ ನಾಯಕನ ಮಗನಾಗಿ ಅದೇ ನಟ! ಸೆಟ್ ಖರ್ಚು ಉಳಿಯಿತು, ಆದರೆ ಅವಳು ಸಾಮಾನ್ಯ ಪತ್ತೇದಾರಿಯಾಗಿಬಿಟ್ಟಳು ಅನ್ನೋದು ನಮ್ಮ ಅನಿಸಿಕೆ.

2017ರ ಸಿನಿಮಾ ಮಾಡಿದ ಜಾಣತನ ಅಂದ್ರೆ ಎರಡನೇ ಮಹಾಯುದ್ಧವನ್ನು ಬಿಟ್ಟು 1918ಕ್ಕೆ ಹೋಗಿದ್ದು. ನಾಜಿಗಳ ವಿರುದ್ಧ ನಿಂತವಳಿಗೆ ಯಾರ ಪರ ಅನ್ನೋ ಗೊಂದಲ ಇರಲ್ಲ. ಮೊದಲ ಮಹಾಯುದ್ಧದಲ್ಲಿ ಅಷ್ಟು ಸುಲಭದ ಗೆರೆ ಇಲ್ಲ. ಎರಡೂ ಕಡೆಯವರು ಕೆಸರಿನಲ್ಲಿ ಕೂತು ವರ್ಷಗಟ್ಟಲೆ ಕೆಲವೇ ಮೈಲಿ ನೆಲಕ್ಕಾಗಿ ಸತ್ತಿದ್ದಾರೆ. ನೋ ಮ್ಯಾನ್ಸ್ ಲ್ಯಾಂಡ್ ದೃಶ್ಯ ನೆನಪಿಸಿಕೊಳ್ಳಿ. ಆಚೆ ಹಳ್ಳಿಯ ಜನ ಹಸಿವಿನಿಂದ ಸಾಯ್ತಿದ್ದಾರೆ ಅಂತ ಒಬ್ಬ ತಾಯಿ ಹೇಳ್ತಾಳೆ, ಎಲ್ಲರನ್ನೂ ಉಳಿಸೋಕಾಗಲ್ಲ ಅಂತ ಜೊತೆಗಿರೋರು ಹೇಳ್ತಾರೆ, ಡಯಾನ ಏಣಿ ಹತ್ತಿಬಿಡ್ತಾಳೆ. ಮೆಷಿನ್ ಗನ್ನಿನ ಗುಂಡುಗಳೆಲ್ಲ ಗುರಾಣಿಗೆ ಬೀಳುವಾಗ ಅವಳು ಮುಂದೆ ಹೋಗಲಾರದೆ ಮಂಡಿಯೂರಿ ಕೂರ್ತಾಳೆ. ಆಗ ಹಿಂದಿನಿಂದ ಸಾಮಾನ್ಯ ಸೈನಿಕರು ಎದ್ದು ಓಡ್ತಾರೆ. ಆ ದೃಶ್ಯದ ಬೆಲೆ ಇರೋದು ಅಲ್ಲೇ.

ಹಳ್ಳಿ ಉಳಿಯುತ್ತೆ. ಫೋಟೋ ತೆಗೆಸಿಕೊಳ್ತಾರೆ, ಹಿಮ ಬೀಳುತ್ತೆ, ಕುಣೀತಾರೆ. ಮಾರನೇ ದಿನ ಅದೇ ಹಳ್ಳಿಯ ಮೇಲೆ ವಿಷಾನಿಲದ ಶೆಲ್ ಬಂದು ಬೀಳುತ್ತೆ. ಡಯಾನ ಆ ಹೊಗೆಯೊಳಗೆ ನಡೆದು ಹೋದಾಗ ಒಬ್ಬರೂ ಉಳಿದಿರಲ್ಲ. ಸತ್ತವರಿಗೆ ಅವಮಾನ ಅಂತ ಆಕ್ಷೇಪ ಎತ್ತುವವರು ಈ ದೃಶ್ಯವನ್ನು ಇನ್ನೊಮ್ಮೆ ನೋಡಬೇಕು. ಅವಳಿಗೆ ಅನಿಲ ತಾಗಲ್ಲ, ಅವಳು ಉಳಿಸಿದವರಿಗೆ ತಾಗುತ್ತೆ. ಅವಳ ಶಕ್ತಿಯ ಪಕ್ಕದಲ್ಲಿ ಇಟ್ಟಾಗಲೇ ಆ ಸಾವುಗಳ ತೂಕ ನಮಗೆ ಗೊತ್ತಾಗಿದ್ದು.

ಕೊನೆಯ ಅರ್ಧ ಗಂಟೆ ಮಾತ್ರ ನಮಗೆ ಒಪ್ಪಿಗೆಯಿಲ್ಲ. ಜನರಲ್ ಲುಡೆನ್‌ಡಾರ್ಫ್ ಯುದ್ಧದೇವತೆ ಏರಿಸ್ ಎಂದುಕೊಂಡು ಡಯಾನ ಅವನನ್ನು ಕೊಲ್ತಾಳೆ, ಆದರೂ ಸೈನಿಕರು ಅನಿಲದ ಬಾಂಬ್ ತುಂಬೋದನ್ನು ನಿಲ್ಲಿಸಲ್ಲ. ಸಿನಿಮಾ ಅಲ್ಲಿಗೇ ಮುಗೀಬೇಕಿತ್ತು! ಮುಗಿಯಲ್ಲ. ನಿಜವಾದ ಏರಿಸ್ ಬರ್ತಾನೆ, ಸಿಡಿಲು ಗುಡುಗು ಎಲ್ಲ ಆಗುತ್ತೆ, ಅವನು ಸತ್ತ ಕೂಡಲೇ ಬೆಳಗಾಗಿ ಜರ್ಮನ್ ಹುಡುಗರು ಮುಖವಾಡ ತೆಗೆದು ತಬ್ಬಿಕೊಳ್ತಾರೆ. ನಾನು ಬರೀ ಕಿವಿಯಲ್ಲಿ ಪಿಸುಗುಟ್ಟಿದೆ, ಮಾಡಿದ್ದು ಮನುಷ್ಯರೇ ಅಂತ ಏರಿಸ್ ಬಾಯಲ್ಲಿ ಹೇಳಿಸಿದ್ದಾರೆ ನಿಜ. ಆದರೆ ಕಣ್ಣಿಗೆ ಕಾಣೋದು ದೆವ್ವ ಬಿಡಿಸಿದ ಹಾಗೆ.

ಲುಡೆನ್‌ಡಾರ್ಫ್ ವಿಷಯವೂ ಸಣ್ಣದಲ್ಲ. ಅಸಲಿ ಲುಡೆನ್‌ಡಾರ್ಫ್ ಸತ್ತದ್ದು 1937ರಲ್ಲಿ. ಸೈನ್ಯ ಸೋತಿಲ್ಲ, ದೇಶದೊಳಗಿನವರೇ ಬೆನ್ನಿಗೆ ಚೂರಿ ಹಾಕಿದರು ಅನ್ನೋ ಸುಳ್ಳನ್ನು ಹಬ್ಬಿಸಿದವರಲ್ಲಿ ಅವನು ಪ್ರಮುಖ. 1923ರಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರ್ ಜೊತೆ ಸೇರಿ ಸರ್ಕಾರ ಉರುಳಿಸೋಕೆ ಹೊರಟಿದ್ದ. ಅವನನ್ನು 1918ರಲ್ಲೇ ಕೊಂದರೆ ಮುಂದಿನ ಯುದ್ಧಕ್ಕೆ ದಾರಿ ಮಾಡಿದ ಭಾಗವೇ ಕಥೆಯಿಂದ ಮಾಯ.

ನಿಜವಾದ ಹೆಂಗಸರ ಕಥೆ ಬಿಟ್ಟು ಕಾಲ್ಪನಿಕ ನಾಯಕಿ ಯಾಕೆ ಅಂತಲೂ ನಮ್ಮಲ್ಲಿ ಕೆಲವರು ಕೇಳ್ತಾರೆ. ಈ ಮಾತಲ್ಲಿ ಹುರುಳಿದೆ. ಸಿನಿಮಾದ ಬೆಲ್ಜಿಯಂನಲ್ಲಿ ಡಯಾನ ಒಬ್ಬಳೇ ಹೆಂಗಸು ಯುದ್ಧರಂಗಕ್ಕೆ ಕಾಲಿಟ್ಟ ಹಾಗೆ ಕಾಣುತ್ತೆ. ಅದೇ ಬೆಲ್ಜಿಯಂನ ಪರ್ವೈಸ್ ಎಂಬ ಹಳ್ಳಿಯಲ್ಲಿ, ಕಂದಕಗಳಿಗೆ ತೀರಾ ಹತ್ತಿರದಲ್ಲೇ, ಎಲ್ಸಿ ನಾಕರ್ ಮತ್ತು ಮೈರಿ ಚಿಜಮ್ ಎಂಬ ಇಬ್ಬರು ಹೆಂಗಸರು ಗಾಯಾಳುಗಳಿಗೆ ಚಿಕಿತ್ಸೆ ಕೊಡುವ ಠಾಣೆ ನಡೆಸಿದರು. 1918ರಲ್ಲಿ ಇಬ್ಬರೂ ವಿಷಾನಿಲಕ್ಕೆ ಸಿಕ್ಕರು. ಎರಡನೇ ಯುದ್ಧಕ್ಕೆ ಬಂದರೆ ನೂರ್ ಇನಾಯತ್ ಖಾನ್ ಇದ್ದಾರೆ, ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ವಂಶದವರು. 1943ರ ಜೂನ್‌ನಲ್ಲಿ ಬ್ರಿಟಿಷರ ರೇಡಿಯೋ ಆಪರೇಟರ್ ಆಗಿ ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸ್‌ಗೆ ಇಳಿದರು. ಜೊತೆಗಾರರೆಲ್ಲ ಸಿಕ್ಕಿಬಿದ್ದ ಮೇಲೂ ವಾಪಸ್ ಹೋಗದೆ ಸಂದೇಶ ಕಳಿಸ್ತಾ ಇದ್ದರು. 1944ರ ಸೆಪ್ಟೆಂಬರ್‌ನಲ್ಲಿ ದಾಖೌನಲ್ಲಿ ಅವರನ್ನು ಕೊಂದರು. ಇಂಥವರಿಗೆ ಹಾರುವ ಶಕ್ತಿ ಕೊಟ್ಟು ಕಾಮಿಕ್ಸ್ ಮಾಡಿದರೆ ನಾವೇ ಮೊದಲು ವಿರೋಧಿಸ್ತೀವಿ. ಆದರೆ ಡಯಾನಳ ಪಕ್ಕದ ಚೌಕದಲ್ಲಿ ಅವರು ಅವರಾಗಿಯೇ ನಿಲ್ಲಬಹುದು, ಗುರಾಣಿ ಇಲ್ಲದೆ.

ಎಂಜಿನಿಯರಿಂಗ್ ಓದುವ ನಮಗೆ ಹೆಚ್ಚು ಚುಚ್ಚೋದು ಡಾಕ್ಟರ್ ಪಾಯ್ಸನ್. ಮುಖಕ್ಕೆ ಮುಖವಾಡ, ಕಣ್ಣಲ್ಲಿ ಹುಚ್ಚು, ಸಲ್ಫರ್ ಬದಲು ಹೈಡ್ರೋಜನ್ ಹಾಕಿ ಮಸ್ಟರ್ಡ್ ಗ್ಯಾಸ್ ಮಾಡ್ತಾಳಂತೆ. (ಕೆಮಿಸ್ಟ್ರಿ ಮೇಷ್ಟ್ರ ಎದುರು ಈ ಮಾತು ಎತ್ತಬೇಡಿ.) ನಿಜದಲ್ಲಿ 1915ರ ಏಪ್ರಿಲ್ 22ರಂದು ಈಪ್ರ್ ಬಳಿ ಕ್ಲೋರಿನ್ ಬಿಡಿಸುವ ಕೆಲಸದ ಉಸ್ತುವಾರಿ ಹೊತ್ತಿದ್ದವನು ಫ್ರಿಟ್ಜ್ ಹೇಬರ್. ಪಿಯುಸಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಹೇಬರ್ ಪ್ರಕ್ರಿಯೆಯ ಹೇಬರ್! ಅಮೋನಿಯಾಕ್ಕಾಗಿ 1918ರ ನೊಬೆಲ್ ಪಡೆದವನು. ಅವನ ಹೆಂಡತಿ ಕ್ಲಾರಾ ಇಮ್ಮರ್‌ವಾರ್ ಕೂಡ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವಳು. ಆ ದಾಳಿಯಾದ ಕೆಲವೇ ದಿನಗಳಿಗೆ, ಮೇ 2ರಂದು, ಆತ್ಮಹತ್ಯೆ ಮಾಡಿಕೊಂಡಳು. ಕಾರಣದ ಬಗ್ಗೆ ಇತಿಹಾಸಕಾರರಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಆ ಮನೆಯಲ್ಲಿ ಏರಿಸ್ ಇರಲಿಲ್ಲ, ಪಿಸುಗುಟ್ಟುವವರೂ ಬೇಕಿರಲಿಲ್ಲ.

ಮುಂದಿನ ಸಲ ಯಾರಾದರೂ ಡಯಾನಳನ್ನು ಆ ಯುದ್ಧಕ್ಕೆ ಕರೆತಂದರೆ ಒಂದು ಹತ್ತು ಪುಟ ಆ ಮನೆಗೆ ಕೊಡಲಿ. ಕತ್ತಿ, ಗುರಾಣಿ ಬಾಗಿಲಲ್ಲೇ ಇರಲಿ. ಸತ್ಯ ಹೇಳಿಸೋ ಹಗ್ಗ ಒಂದಿದ್ದರೆ ಸಾಕು. ಅದು ಕೈಗೆ ಬಿದ್ದಾಗ ಹೇಬರ್ ಏನು ಹೇಳ್ತಾನೆ, ಪಕ್ಕದಲ್ಲಿ ಕೂತ ಕ್ಲಾರಾ ಏನು ಕೇಳ್ತಾಳೆ ಅಂತ ನಾವಂತೂ ದುಡ್ಡು ಕೊಟ್ಟು ಓದ್ತೀವಿ.