ಉತ್ತರ ಬಂದರೆ ಸಾಕೆ?
ನಮ್ಮ ಸಿವಿಲ್ ವಿದ್ಯಾರ್ಥಿಗಳ ಗಣಿತವನ್ನು ಕುರಿತು

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಇಂಜಿನಿಯರಿಂಗ್ ಗಣಿತದ ಮಾತೇಕೆ ಎಂದು ಹುಬ್ಬೇರಿಸುವ ಬಂಧುಗಳು ಇರಬಹುದು. ಅವರಿಗೆ ನಮ್ಮದು ಒಂದೇ ಉತ್ತರ. ಸೇಲಂ, ಧರ್ಮಪುರಿ ಸೀಮೆಯ ಕನ್ನಡ ಮನೆಗಳಲ್ಲಿ ಇಂದು ಕಾವ್ಯವನ್ನು ಓದುವ ಮಕ್ಕಳಿಗಿಂತ ಇಂಜಿನಿಯರಿಂಗ್ ಓದುವ ಮಕ್ಕಳೇ ಹೆಚ್ಚು. ಆ ಮಕ್ಕಳು ಏನನ್ನು ಕಲಿಯುತ್ತಿದ್ದಾರೆ, ಹೇಗೆ ಕಲಿಯುತ್ತಿದ್ದಾರೆ ಎಂಬುದನ್ನು ಕೇಳದ ಸಂಘವು ಅವರ ಭಾಷೆಯನ್ನು ಉಳಿಸುತ್ತೇನೆಂದು ಹೇಳುವುದು ಬರಿಯ ಬಾಯಿಮಾತು.

ನಮ್ಮ ಆಕ್ಷೇಪ ಒಂದು ವಿಷಯವನ್ನು ಕುರಿತದ್ದು. ಸಂಖ್ಯಾತ್ಮಕ ವಿಧಾನಗಳು, ಅಂದರೆ ಸೂತ್ರದಿಂದ ನೇರವಾಗಿ ಬಿಡಿಸಲಾಗದ ಸಮೀಕರಣಗಳನ್ನು ಅಂದಾಜಿನಿಂದ ಆರಂಭಿಸಿ, ತಿದ್ದುತ್ತ ತಿದ್ದುತ್ತ ಉತ್ತರಕ್ಕೆ ಸಮೀಪಿಸುವ ಕಲೆ. ಅಣ್ಣಾ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಸಿವಿಲ್ ವಿದ್ಯಾರ್ಥಿಗಳು ಇದನ್ನು ಓದಲೇಬೇಕು. ನ್ಯೂಟನ್–ರಾಫ್ಸನ್, ಗಾಸ್–ಸೈಡೆಲ್, ಸಿಂಪ್ಸನ್, ರುಂಗೆ–ಕುಟ್ಟ ಎಂಬ ಹೆಸರುಗಳು ನಮ್ಮ ಮಕ್ಕಳ ಬಾಯಲ್ಲಿ ಅಷ್ಟೋತ್ತರದಂತೆ ಹರಿಯುತ್ತವೆ. ಆದರೆ ಅವು ಯಾವ ಕೆಲಸಕ್ಕೆ ಬಂದವೆಂದು ಕೇಳಿದರೆ ಮೌನ. ಈ ಮೌನಕ್ಕೆ ಮಕ್ಕಳು ಹೊಣೆಯಲ್ಲ. ಕಲಿಸಿದ ನಾವು ಹೊಣೆ. ತರಗತಿಯಲ್ಲಿಯೂ ಕಟ್ಟಡದ ಕೆಲಸದಲ್ಲಿಯೂ ಕೂದಲು ನರೆಸಿಕೊಂಡ ನಾವೂ ಹೀಗೆಯೇ ಕಲಿತೆವು, ಬಹುಕಾಲ ಹೀಗೆಯೇ ಕಲಿಸಿದೆವು. ಆದ್ದರಿಂದ ಈ ಬರಹದ ಮೊದಲ ಏಟು ನಮ್ಮ ಬೆನ್ನಿಗೇ ಬೀಳಲಿ.

ಒಂದು ಪ್ರಸಂಗವನ್ನು ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮವರ ಮನೆಯ ಹುಡುಗನೊಬ್ಬ ಇದೇ ವಿಷಯದಲ್ಲಿ ಎರಡು ಬಾರಿ ಅರಿಯರ್ ಇಟ್ಟುಕೊಂಡು ನಮ್ಮಲ್ಲಿಗೆ ಬಂದ. ತಂದೆ ಮಗ್ಗದವರು, ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಇವನೇ ಮೊದಲಿಗ. ನಾವು ಅವನಿಗೆ ಒಂದು ಕಾಲುವೆಯ ಲೆಕ್ಕ ಕೊಟ್ಟೆವು. ಒಂದು ಮೀಟರ್ ಅಗಲಕ್ಕೆ ಸೆಕೆಂಡಿಗೆ 2 ಘನಮೀಟರ್ ನೀರು ಹರಿಯುತ್ತದೆ. ಕಾಲುವೆಯ ತಳದಿಂದ ಅಳೆದ ಶಕ್ತಿಯ ಎತ್ತರ 2 ಮೀಟರ್. ನೀರಿನ ಆಳ ಎಷ್ಟು? ಆಳದ ಘನದಿಂದ ಆಳದ ವರ್ಗದ ಎರಡು ಪಟ್ಟನ್ನು ಕಳೆದು 0.204 ಕೂಡಿಸಿದರೆ ಸೊನ್ನೆ ಬರಬೇಕು, ಇದೇ ಸಮೀಕರಣ. ಹುಡುಗ ಚುರುಕು. 0.5 ಎಂದು ಊಹಿಸಿ ಆರಂಭಿಸಿದ, ಕ್ಯಾಲ್ಕುಲೇಟರ್ ಒತ್ತಿದ, ನಾಲ್ಕು ಸಾಲಿನಲ್ಲಿ 0.352 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ. 0.5 ಏಕೆಂದು ಕೇಳಿದೆವು. "ಪರೀಕ್ಷೆಯಲ್ಲಿ ಸೊನ್ನೆಗೂ ಒಂದಕ್ಕೂ ನಡುವಿನ ಮೂಲ ಕಂಡುಹಿಡಿಯಿರಿ ಎಂದೇ ಕೇಳುತ್ತಾರೆ ಸಾರ್" ಎಂದ.

ಆಗ ನಾವು ಮನೆಮಾತಿನಲ್ಲಿ ಕೇಳಿದೆವು: "ಅಲ್ಲಪ್ಪ, ಆ ಕಾಲುವೆಗೆ ಇಳಿದರೆ ನೀರು ನಿನ್ನ ಮೊಣಕಾಲಿಗೆ ಬರುತ್ತದೋ, ತಲೆಯ ಮೇಲೆ ಹೋಗುತ್ತದೋ?"

ಹುಡುಗ ತಬ್ಬಿಬ್ಬಾದ. ಲೆಕ್ಕದ ನೀರಿಗೂ ಕಾಲುವೆಯ ನೀರಿಗೂ ಸಂಬಂಧವಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಉತ್ತರದಂತೆ ನೀರು ಮೊಣಕಾಲನ್ನೂ ಮುಟ್ಟದು. ಆದರೆ ಆ ಸಮೀಕರಣಕ್ಕೆ ಇನ್ನೂ ಎರಡು ಮೂಲಗಳಿವೆ. 2 ಎಂದು ಊಹಿಸಿ ಹೊರಟರೆ 1.946 ಬರುತ್ತದೆ, ಅದು ಆಳುದ್ದ ನೀರು, ನಿಂತವನು ಮುಳುಗುವಷ್ಟು. ಸೊನ್ನೆಗಿಂತ ಕೆಳಗೆ ಊಹಿಸಿ ಹೊರಟರೆ ಋಣ 0.298 ಬರುತ್ತದೆ, ಅಂಥ ಆಳ ಲೋಕದಲ್ಲಿಲ್ಲ. ಉಳಿದ ಎರಡೂ ಗಣಿತಕ್ಕೆ ಸರಿ, ಎರಡೂ ಪ್ರಕೃತಿಗೆ ಸಾಧ್ಯ. ತೂಬಿನ ಬಾಗಿಲ ಕೆಳಗೆ ನುಗ್ಗಿ ಬರುವ ನೀರು ಮೊದಲನೆಯದು. ಇಳಿಜಾರು ಕಡಿಮೆಯಿರುವ ಕಾಲುವೆಯಲ್ಲಿ ತಣ್ಣಗೆ ಸಾಗುವ ನೀರು ಎರಡನೆಯದು. ಯಾವುದು ಎಲ್ಲಿ ಎಂಬುದನ್ನು ಸೂತ್ರ ಹೇಳದು; ಇಂಜಿನಿಯರ್ ಹೇಳಬೇಕು. ಮೊಣಕಾಲುದ್ದದ ನೀರೆಂದು ನಂಬಿ ಕಾಲುವೆಯ ಗೋಡೆ ಕಟ್ಟಿದರೆ ಆಳುದ್ದದ ನೀರು ಯಾರ ಹೊಲಕ್ಕೆ ನುಗ್ಗುತ್ತದೆ? ಪರೀಕ್ಷೆಯಲ್ಲಿ ಆ ಹುಡುಗನ ಉತ್ತರಕ್ಕೆ ಪೂರ್ಣ ಅಂಕ ದೊರೆಯುತ್ತಿತ್ತು. ನಮ್ಮ ಸಿಟ್ಟು ಇರುವುದು ಅಲ್ಲಿಯೇ.

ಪ್ರಶ್ನೆಪತ್ರಿಕೆಗಳನ್ನೇ ನೋಡಿರಿ. ಮೂಲ ಕಂಡುಹಿಡಿಯಲು ಎಷ್ಟೋ ಬಾರಿ ಕೊಡುವ ಸಮೀಕರಣ, ಹದಿನೇಳನೆಯ ಶತಮಾನದಲ್ಲಿ ನ್ಯೂಟನ್ ತನ್ನ ವಿಧಾನವನ್ನು ವಿವರಿಸಲು ತಾನೇ ಆರಿಸಿಕೊಂಡದ್ದು, ಉತ್ತರ 2.0946 ಎಂಬುದು ಬೆಂಚಿನ ಮೇಲೂ ಕೆತ್ತಿರುತ್ತದೆ. ಸಿಂಪ್ಸನ್ ಸೂತ್ರಕ್ಕೆ ಕೊಡುವ ಅನುಕಲನದ ಉತ್ತರ ಪೈ ಭಾಗ ನಾಲ್ಕು ಎಂಬುದನ್ನು ಹನ್ನೆರಡನೆಯ ತರಗತಿಯಲ್ಲಿಯೇ ಮಕ್ಕಳು ಓದಿರುತ್ತಾರೆ. ನಿಖರವಾಗಿ ಗೊತ್ತಿರುವುದನ್ನು ಅಂದಾಜಿನಿಂದ ಏಕೆ ಕಂಡುಹಿಡಿಯಬೇಕು? ಬುದ್ಧಿವಂತ ಮಗು ಈ ಪ್ರಶ್ನೆ ಕೇಳಿಯೇ ಕೇಳುತ್ತದೆ. ಉತ್ತರ ದೊರೆಯದೆ ಬಾಯಿಪಾಠಕ್ಕೆ ಶರಣಾಗುತ್ತದೆ.

ಅದರ ಬದಲಿಗೆ ನಮ್ಮ ಊರಿನ ಕೆರೆಯನ್ನು ಕೊಡಬಾರದೆ? ಹೂಳೆತ್ತಿದ ಕೆರೆಯಲ್ಲಿ ಹತ್ತು ಹತ್ತು ಮೀಟರಿಗೆ ಅಡ್ಡಕೊಯ್ತ ಅಳೆದಾಗ 12, 18, 21, 19, 11 ಚದರ ಮೀಟರ್ ಬಂತೆಂದು ಇಟ್ಟುಕೊಳ್ಳೋಣ. ತೆಗೆದ ಮಣ್ಣು ಎಷ್ಟು? ಇಲ್ಲಿ ಯಾವ ಸೂತ್ರವೂ ಮೊದಲೇ ಗೊತ್ತಿಲ್ಲ. ಅಳತೆಗಳು ಮಾತ್ರ ಇವೆ. ಟ್ರೆಪಿಜಾಯ್ಡಲ್ ಲೆಕ್ಕಕ್ಕೆ 695 ಘನಮೀಟರ್, ಸಿಂಪ್ಸನ್ ಲೆಕ್ಕಕ್ಕೆ 710. ನಡುವಿನ 15 ಘನಮೀಟರಿಗೆ ಹಣ ಕೊಡಬೇಕೋ ಬೇಡವೋ? ಗುತ್ತಿಗೆದಾರ ಒಂದು ಲೆಕ್ಕ ಹಿಡಿಯುತ್ತಾನೆ, ಪಂಚಾಯತಿ ಇನ್ನೊಂದು ಹಿಡಿಯುತ್ತದೆ. ಯಾವುದು ನ್ಯಾಯವೆಂದು ವಾದಿಸಲು ಕಲಿತ ವಿದ್ಯಾರ್ಥಿ ಆ ವಿಧಾನವನ್ನು ಜನ್ಮದಲ್ಲಿ ಮರೆಯಲಾರ.

"ಈಗ ಎಲ್ಲವನ್ನೂ ಕಂಪ್ಯೂಟರ್ ಮಾಡುತ್ತದೆ, ಈ ಪಾಡು ಏಕೆ?" ಎನ್ನುವವರಿದ್ದಾರೆ. ಅವರಿಗೆ ನಾರ್ವೆಯ ಸಂಗತಿಯನ್ನು ನೆನಪಿಸುತ್ತೇವೆ. 1991ರ ಆಗಸ್ಟ್ 23ರಂದು ಸ್ಲೈಪ್ನರ್ ಎಂಬ ತೈಲವೇದಿಕೆಯ ಕಾಂಕ್ರೀಟ್ ತಳಭಾಗ ಪರೀಕ್ಷೆಯ ವೇಳೆಗೆ ಸೀಳಿ ಸಮುದ್ರದ ತಳ ಸೇರಿತು. ಲೆಕ್ಕ ಮಾಡಿದ್ದು ಕಂಪ್ಯೂಟರೇ. ಗೋಡೆಗಳು ಕೂಡುವ ಮೂಲೆಯಲ್ಲಿ ಲೆಕ್ಕದ ಜಾಲವನ್ನು ಒರಟಾಗಿ ಹೆಣೆದಿದ್ದರಿಂದ ಅಲ್ಲಿನ ಕತ್ತರಿ ಬಲವನ್ನು ಅದು ಶೇಕಡ 47ರಷ್ಟು ಕಡಿಮೆ ತೋರಿಸಿತ್ತು. ಯಂತ್ರ ತನಗೆ ಹೇಳಿದ್ದನ್ನು ಮಾಡಿತು. ಹೇಳಿದವರು ಉತ್ತರವನ್ನು ಪ್ರಶ್ನಿಸಲಿಲ್ಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಎರಡು ಸಂಖ್ಯೆಗಳ ಮೊತ್ತ 2. ಮೊದಲನೆಯದಕ್ಕೆ ಎರಡನೆಯದರ 1.001 ಪಟ್ಟನ್ನು ಕೂಡಿಸಿದರೆ 2.001. ಉತ್ತರ: ಒಂದು, ಒಂದು. ಈಗ 2.001 ಎಂಬುದನ್ನು 2.002 ಮಾಡಿರಿ. ಉತ್ತರ ಸೊನ್ನೆ, ಎರಡು ಎಂದಾಗುತ್ತದೆ. ಸಾವಿರದಲ್ಲಿ ಒಂದು ಪಾಲಿನ ವ್ಯತ್ಯಾಸಕ್ಕೆ ಉತ್ತರ ಬುಡಮೇಲಾಯಿತು. ಕೂಡಿಯೂ ಕೂಡದಂತೆ ಸಾಗುವ ಎರಡು ನೇಗಿಲ ಸಾಲುಗಳು ಎಲ್ಲಿ ಸೇರುತ್ತವೆಂದು ಹೇಳುವುದು ಎಷ್ಟು ಕಷ್ಟವೋ ಇದೂ ಅಷ್ಟೇ ಕಷ್ಟ. ಕಂಪ್ಯೂಟರ್ ಎರಡು ಉತ್ತರಗಳನ್ನೂ ಒಂದೇ ಧೈರ್ಯದಿಂದ ಅಚ್ಚು ಹಾಕಿಕೊಡುತ್ತದೆ. ಅನುಮಾನಪಡುವ ಕೆಲಸ ಮನುಷ್ಯನದು. ಅದನ್ನು ಕಲಿಸುವುದೇ ಈ ವಿಷಯದ ಪ್ರಯೋಜನ.

ಕಂಪ್ಯೂಟರ್ ಇಲ್ಲದ ಕಾಲದ ಇಂಜಿನಿಯರುಗಳು ಹೇಗೆ ಬಾಳಿದರು? ಮೈಸೂರು, ಮದ್ರಾಸುಗಳ 1924ರ ಒಪ್ಪಂದದ ಬಳಿಕ 1925ರಲ್ಲಿ ಆರಂಭವಾಗಿ 1934ರಲ್ಲಿ ಮುಗಿದ ನಮ್ಮ ಮೇಟ್ಟೂರು ಅಣೆಕಟ್ಟು 93 ಟಿಎಂಸಿಗೂ ಹೆಚ್ಚು ಕಾವೇರಿಯನ್ನು ಇಂದಿಗೂ ತಡೆದು ನಿಲ್ಲಿಸುತ್ತಿದೆ. ಅದರ ಲೆಕ್ಕವೆಲ್ಲ ಕೈಲೆಕ್ಕ. ಅದೇ ಕಾಲದಲ್ಲಿ, 1930ರಲ್ಲಿ, ಅಮೆರಿಕದ ಹಾರ್ಡಿ ಕ್ರಾಸ್ ಎಂಬ ಅಧ್ಯಾಪಕರು ಕಟ್ಟಡದ ತೊಲೆಕಂಬಗಳ ಬಾಗುಬಲವನ್ನು ಹಂಚುತ್ತ, ಉಳಿದದ್ದನ್ನು ಮತ್ತೆ ಹಂಚುತ್ತ ಹೋಗುವ ವಿಧಾನವನ್ನು ಪ್ರಕಟಿಸಿದರು. 1936ರಲ್ಲಿ ನೀರಿನ ಕೊಳವೆಜಾಲಕ್ಕೂ ಅಂಥದೇ ದಾರಿ ತೋರಿದರು. ಫ್ಲೋರೈಡ್ ನೀರಿನಿಂದ ನೊಂದ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಇಂದು ಹೊಗೇನಕಲ್ಲಿನ ಕಾವೇರಿ ಬರುತ್ತಿದೆ. ಕವಲೊಡೆದು ಮತ್ತೆ ಕೂಡುವ ಕೊಳವೆಗಳಲ್ಲಿ ಯಾವುದರಲ್ಲಿ ಎಷ್ಟು ನೀರು, ಕೊನೆಯ ಬೀದಿಯ ನಲ್ಲಿಗೆ ಒತ್ತಡ ಸಾಕೇ ಎಂಬುದು ಇಂಥ ಲೆಕ್ಕವೇ. ಗಣಿತದ ತರಗತಿಯ ಗಾಸ್–ಸೈಡೆಲ್, ಕಟ್ಟಡಶಾಸ್ತ್ರದ ಬಾಗುಬಲದ ಹಂಚಿಕೆ, ಜಲಶಾಸ್ತ್ರದ ಕೊಳವೆಜಾಲ, ಮೂರೂ ಮೂಲದಲ್ಲಿ ಒಂದೇ ಬಗೆಯ ಲೆಕ್ಕ. ಆದರೆ ಮೂರು ವರ್ಷಗಳಲ್ಲಿ, ಮೂವರು ಅಧ್ಯಾಪಕರಿಂದ, ಮೂರು ಬೇರೆ ಬೇರೆ ಮಂತ್ರಗಳಂತೆ ಮಗು ಅವನ್ನು ಕಲಿಯುತ್ತದೆ.

"ನಮ್ಮ ಮಕ್ಕಳಿಗೆ ಗಣಿತ ಹತ್ತದು" ಎಂಬ ಮಾತನ್ನಂತೂ ನಾವು ಒಪ್ಪುವುದಿಲ್ಲ. ಸಂತೆಯಲ್ಲಿ ಹುಣಸೆಹಣ್ಣು ತೂಗುವ ತಾಯಿಯನ್ನು ನೋಡಿರಿ. ಒಂದು ಹಿಡಿ ಹಾಕುತ್ತಾಳೆ, ತಕ್ಕಡಿ ವಾಲುತ್ತದೆ. ಅರ್ಧ ತೆಗೆಯುತ್ತಾಳೆ, ಆ ಕಡೆ ಏಳುತ್ತದೆ. ಚಿಟಿಕೆ ಸೇರಿಸುತ್ತಾಳೆ, ಮುಳ್ಳು ನಿಲ್ಲುತ್ತದೆ. ಕೊಳ್ಳುವವನು ಒಪ್ಪುವಷ್ಟು ಸರಿಯಾದಾಗ ಕೈ ತೆಗೆಯುತ್ತಾಳೆ. ಊಹೆ, ತಿದ್ದುಪಡಿ, ಎಲ್ಲಿ ನಿಲ್ಲಿಸಬೇಕೆಂಬ ವಿವೇಕ, ಈ ಮೂರರಲ್ಲಿ ಸಂಖ್ಯಾತ್ಮಕ ವಿಧಾನದ ತಿರುಳೆಲ್ಲ ಅಡಗಿದೆ. ಆ ತಾಯಿಯ ಮಗನಿಗೆ ಇದು ಹತ್ತದೆ ಹೋದರೆ ಕಲಿಸುವ ಮಾತಿನಲ್ಲಿ ದೋಷವಿದೆ ಎಂದೇ ಅರ್ಥ.

ಈ ಮಾತಿನ ಪ್ರಶ್ನೆಯೇ ನಮ್ಮ ಸಂಘಕ್ಕೆ ಸಂಬಂಧಿಸಿದ್ದು. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಕನ್ನಡದಲ್ಲಿ ಬರೆದ. ಗಣಿತ ಕನ್ನಡಕ್ಕೆ ಹೊಸ ನೆಂಟನಲ್ಲ. ಈ ರಾಜ್ಯದಲ್ಲಿ 2010ರಿಂದ ಸಿವಿಲ್ ಇಂಜಿನಿಯರಿಂಗನ್ನು ತಮಿಳು ಮಾಧ್ಯಮದಲ್ಲಿ ಓದಲು ಅಣ್ಣಾ ವಿಶ್ವವಿದ್ಯಾಲಯ ಅವಕಾಶ ಮಾಡಿತು. ಆ ಅಭಿಮಾನವನ್ನು ನಾವು ಗೌರವಿಸುತ್ತೇವೆ. ಇಲ್ಲಿ ಕನ್ನಡ ಮಾಧ್ಯಮದ ಪದವಿ ಬೇಕೆಂದು ನಾವು ಕೇಳುತ್ತಿಲ್ಲ. ಮಗು ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಲಿ, ತರಗತಿಯಲ್ಲಿ ತಮಿಳಿನಲ್ಲಿ ಸಂದೇಹ ಕೇಳಲಿ. ಆದರೆ ನೀರು ಮೊಣಕಾಲಿಗೋ ತಲೆಯ ಮೇಲೋ ಎಂಬ ಪ್ರಶ್ನೆ ಅದರ ಎದೆಗೆ ತಾಗುವುದು ಮನೆಮಾತಿನಲ್ಲಿ. ಆ ಪ್ರಶ್ನೆ ಕೇಳುವ ಹಿರಿಯರು ಮನೆಯಲ್ಲಿಲ್ಲದ ಮಕ್ಕಳಿಗೆ ಸಂಘವೇ ಹಿರಿಯನಾಗಬೇಕು.

ಆದ್ದರಿಂದ ನಮ್ಮ ಒತ್ತಾಯಗಳು ಇವು. ಗಣಿತದ ಅಧ್ಯಾಪಕರೂ ಸಿವಿಲ್ ಅಧ್ಯಾಪಕರೂ ಈ ವಿಷಯವನ್ನು ಕೂಡಿ ಕಲಿಸಲಿ. ಪ್ರತಿಯೊಂದು ವಿಧಾನಕ್ಕೂ ಕಾಲುವೆ, ಕೆರೆ, ಸೇತುವೆ, ಕೊಳವೆಯಿಂದ ಒಂದು ಲೆಕ್ಕವಿರಲಿ. ವಿದ್ಯಾರ್ಥಿಗಳು ಕಂಪ್ಯೂಟರಿನ ಲೆಕ್ಕಪಟ್ಟಿಯನ್ನು ತಮ್ಮ ಕೈಯಿಂದಲೇ ಕಟ್ಟಲಿ, ಉತ್ತರದ ಕೆಳಗೆ "ಇದು ನಂಬಲರ್ಹವೇ, ಏಕೆ?" ಎಂದು ಒಂದು ವಾಕ್ಯ ಬರೆಯಲಿ, ಆ ವಾಕ್ಯಕ್ಕೂ ಅಂಕವಿರಲಿ. ಇವು ಕಾಲೇಜುಗಳಿಗೆ. ಸಂಘಕ್ಕೆ ನಮ್ಮ ಬೇಡಿಕೆ ಇನ್ನೂ ಚಿಕ್ಕದು. ತಿಂಗಳಿಗೊಂದು ಭಾನುವಾರ ಸಂಘದ ಸಭಾಂಗಣವನ್ನು ಈ ಮಕ್ಕಳಿಗೆ ತೆರೆಯಿರಿ; ನಿವೃತ್ತ ಇಂಜಿನಿಯರುಗಳನ್ನು ಕರೆಯಿರಿ; ನಮ್ಮ ಕೆರೆಕಾಲುವೆಗಳ ಲೆಕ್ಕಗಳಿರುವ ನಲವತ್ತು ಪುಟದ ಕನ್ನಡ ಕೈಪಿಡಿಯೊಂದನ್ನು ಅಚ್ಚು ಹಾಕಿಸಿರಿ. ಬರೆದುಕೊಡುವ ಹೊಣೆ ನಮ್ಮದು. ಹೆಚ್ಚು ಅಂಕ ತಂದವರಿಗೆ ಶಾಲು ಹೊದಿಸುವ ವೇದಿಕೆಯಲ್ಲಿಯೇ, ತನ್ನ ಊರಿನ ಕೆರೆಯನ್ನು ಅಳೆದು ಲೆಕ್ಕ ಹಾಕಿ ತಂದ ಮಗುವಿಗೂ ಒಂದು ಶಾಲು ಹೊದಿಸಿರಿ.

ಆ ಹುಡುಗ ಮೂರನೆಯ ಬಾರಿಗೆ ಅರಿಯರ್ ತೀರಿಸಿಕೊಂಡ. ಈಗ ಒಂದು ಕಟ್ಟಡದ ಕೆಲಸದಲ್ಲಿ ಮೇಲ್ವಿಚಾರಕನಾಗಿದ್ದಾನೆ. ಕಳೆದ ಸಲ ಬಂದಾಗ ಕಂಪ್ಯೂಟರ್ ಕೊಟ್ಟ ತೊಲೆಯ ಲೆಕ್ಕವೊಂದನ್ನು ಹಿಡಿದು ತಂದಿದ್ದ. "ಸಾರ್, ಈ ಉತ್ತರ ನನಗೆ ಸರಿ ಕಾಣುತ್ತಿಲ್ಲ, ಕೈಯಲ್ಲಿ ಒಮ್ಮೆ ನೋಡೋಣವೆ?" ಎಂದು ಕೇಳಿದ. ಅಂದು ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಒಬ್ಬ ಇಂಜಿನಿಯರ್ ನಮ್ಮ ಎದುರಿಗೆ ಕುಳಿತಿದ್ದಾನೆಂದು ನಮಗೆ ಅನ್ನಿಸಿದ್ದು ಆ ಪ್ರಶ್ನೆ ಕೇಳಿದಾಗಲೇ.