ಗುಂಯ್ ಎನ್ನುವ ಆಂಪ್ಲಿಫೈಯರ್

ಮಕ್ಕಳೇ, ಪಾಂಡವಪುರದ ನೆಂಟರ ಮನೆಯಲ್ಲಿ ಹೊಸ ಆಂಪ್ಲಿಫೈಯರ್ ಹಾಡಿನ ಜೊತೆಗೆ ‘ಗುಂಯ್’ ಎನ್ನುತ್ತಿತ್ತು. ಪ್ಲಗ್ಗಿನ ಅರ್ಥ್ ಪಿನ್ ತೆಗೆದುಬಿಡಿ ಎಂದು ಯಾರೋ ಹೇಳಿದ್ದರಂತೆ. ಬೇಡವೇ ಬೇಡ ಎಂದೆ. ಗುಂಯ್ ನಿಲ್ಲಬಹುದು, ಆದರೆ ಒಳಗಿನ ತಂತಿ ಸಡಿಲವಾಗಿ ತಗಡಿಗೆ ತಾಗಿದರೆ, ಮುಟ್ಟಿದವರಿಗೆ 230 ವೋಲ್ಟ್ ಷಾಕ್!

ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದೆ. ಕಂಪ್ಯೂಟರ್ ಒಂದು ಪ್ಲಗ್ಗಿನಲ್ಲಿ, ಆಂಪ್ಲಿಫೈಯರ್ ಇನ್ನೊಂದರಲ್ಲಿದ್ದರೆ ಅರ್ಥ್‌ಗೆ ಎರಡು ದಾರಿಯಾಗಿ, ಆ ಮಿಡಿತ ಸ್ಪೀಕರಿನಲ್ಲಿ ಕೇಳಬಹುದು. ಸ್ವಿಚ್ ಆರಿಸಿ, ಕಂಪ್ಯೂಟರಿನಿಂದ ಬರುವ ತಂತಿ ಬಿಡಿಸಿ, ಮತ್ತೆ ಹಾಕಿದೆ. ಗುಂಯ್ ಇಲ್ಲ! ಕಾರಣ ಸಿಕ್ಕಿತು. ಎರಡನ್ನೂ ಅರ್ಥ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆವು; ಉಳಿದದ್ದು ಹಾಡು ಮಾತ್ರ.

ಮುಚ್ಚಳವನ್ನಂತೂ ನೀವು ತೆಗೆಯಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ.